ಹತ್ತು ನಿಮಿಷ ಓಡಿ ಮುಗ್ಗರಿಸುವ ಗೇಮಿಂಗ್ ಸಿಸ್ಟಮ್: ತಪ್ಪು ಬೋರ್ಡಿನದೋ, ಸೆಟ್ಟಿಂಗಿನದೋ?

ಕಡಿಮೆ ಬೆಲೆಯ ಮದರ್‌ಬೋರ್ಡ್ ಹಾಕಿ ಕಟ್ಟಿಸಿದ ಗೇಮಿಂಗ್ ಸಿಸ್ಟಮ್ ಲ್ಯಾಗ್ ಹೊಡೆಯಲು ಶುರು ಮಾಡಿದರೆ ಮೊದಲು ಬೈಸಿಕೊಳ್ಳುವುದು ಗ್ರಾಫಿಕ್ಸ್ ಕಾರ್ಡ್, ಆಮೇಲೆ ಇಂಟರ್ನೆಟ್. ಬೋರ್ಡಿನ ಸರದಿ ಬರುವುದು ಕೊನೆಗೆ. ಬಂದಾಗಲೂ ‘ಬೋರ್ಡ್ ವೀಕು, ಬದಲಾಯಿಸಿ’ ಎಂಬ ಒಂದೇ ಮಾತಿನಲ್ಲಿ ತೀರ್ಪು ಮುಗಿದುಹೋಗುತ್ತದೆ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದ ಹಾಗೆ, ಯಾರೂ ಅಳತೆ ಮಾಡಿ ನೋಡುವುದಿಲ್ಲ. ಹಾಸನ, ಚಿಕ್ಕಮಗಳೂರು ಕಡೆ ಬಿಡಿಭಾಗ ಬೇಕೆಂದರೆ ಬೆಂಗಳೂರಿನ ಎಸ್‌ಪಿ ರೋಡಿಗೆ ಹೋಗಬೇಕು, ಇಲ್ಲವೇ ಆನ್‌ಲೈನ್‌ನಲ್ಲಿ ತರಿಸಬೇಕು. ಊಹೆಯ ಮೇಲೆ ಒಂದೊಂದೇ ಬದಲಾಯಿಸುತ್ತಾ ಹೋದರೆ ಕೈ ಸುಡುತ್ತದೆ.

ಎ520, ಬಿ450, ಎಚ್610 ಚಿಪ್‌ಸೆಟ್‌ಗಳ ಅಗ್ಗದ ಬೋರ್ಡ್‌ಗಳು ಕೆಟ್ಟವೇನಲ್ಲ. ಬೋರ್ಡ್ ಮಾಡುವ ಮುಖ್ಯ ಕೆಲಸ ಮೂರು: ಸಿಪಿಯುಗೆ ಹದವಾದ ಕರೆಂಟ್ ಕೊಡುವುದು, ರ‍್ಯಾಮ್‌ಗೆ ದಾರಿ ಮಾಡುವುದು, ಕಾರ್ಡ್ ಮತ್ತು ಎಸ್‌ಎಸ್‌ಡಿಗೆ ದಾರಿ ಮಾಡುವುದು. ಕಂಪನಿಗಳು ದುಡ್ಡು ಉಳಿಸುವುದೂ ಈ ಮೂರು ಕಡೆಯೇ. ನಿಮ್ಮ ಸಿಸ್ಟಮ್ ಈ ಮೂರರಲ್ಲಿ ಎಲ್ಲಿ ಸಿಕ್ಕಿಕೊಂಡಿದೆ ಎಂದು ಹುಡುಕುವುದಷ್ಟೇ ಇಲ್ಲಿನ ಕೆಲಸ. ನನ್ನ ಕೈಗೆ ಬಂದ ‘ಬೋರ್ಡ್ ಕಂಪ್ಲೇಂಟ್’ಗಳಲ್ಲಿ ಬೋರ್ಡ್ ಬದಲಾಯಿಸಲೇಬೇಕಾದವು ಕಡಿಮೆ.

ಮೊದಲು ಬೋರ್ಡ್ ಮೇಲಿನ ಅನುಮಾನ ನಿಜವೇ ನೋಡಿ

ಆಟದ ಸೆಟ್ಟಿಂಗ್‌ನಲ್ಲಿ ವಿ-ಸಿಂಕ್ (ಮಾನಿಟರ್ ವೇಗಕ್ಕೆ ಆಟವನ್ನು ಕಟ್ಟಿಹಾಕುವ ಆಯ್ಕೆ) ಆಫ್ ಮಾಡಿ, ಎಫ್‌ಪಿಎಸ್‌ಗೆ (ಸೆಕೆಂಡಿಗೆ ಮೂಡುವ ಚಿತ್ರಗಳ ಸಂಖ್ಯೆ) ಹಾಕಿದ ಮಿತಿ ತೆಗೆದು, ಆಟದ ನಡುವೆ ಗ್ರಾಫಿಕ್ಸ್ ಕಾರ್ಡ್ ಎಷ್ಟು ಶೇಕಡಾ ಕೆಲಸ ಮಾಡುತ್ತಿದೆ ನೋಡಿ. ಲ್ಯಾಗ್ ಆಗುವ ಹೊತ್ತಿನಲ್ಲೂ ಅದು 97-99ರಲ್ಲಿದ್ದರೆ ಕಾರ್ಡ್ ತನ್ನ ಶಕ್ತಿಮೀರಿ ದುಡಿಯುತ್ತಿದೆ, ಬೋರ್ಡ್ ನಿರಪರಾಧಿ. ಆಟದ ಸೆಟ್ಟಿಂಗ್ ಇಳಿಸಿ, ಮುಂದೆ ಓದುವ ಅಗತ್ಯವಿಲ್ಲ. ಕಾರ್ಡ್ 50-60ರಲ್ಲಿ ಆರಾಮಾಗಿ ಕೂತಿದ್ದು ಎಫ್‌ಪಿಎಸ್ ಮಾತ್ರ ಬಿದ್ದಿದ್ದರೆ, ಅದಕ್ಕೆ ಕೆಲಸ ಒದಗಿಸಬೇಕಾದವರು ಹಿಂದೆ ಬಿದ್ದಿದ್ದಾರೆ ಎಂದರ್ಥ. ಅಂದರೆ ಸಿಪಿಯು, ರ‍್ಯಾಮ್ ಅಥವಾ ಅವೆರಡನ್ನು ಹಿಡಿದಿರುವ ಬೋರ್ಡ್.

ಎರಡನೆಯದಾಗಿ, ತೊಂದರೆ ಯಾವಾಗ ಶುರುವಾಗುತ್ತದೆ ಎಂಬುದನ್ನು ಗಡಿಯಾರ ನೋಡಿಕೊಂಡು ಗುರುತು ಮಾಡಿ. ‘ಆಗಾಗ ಸ್ಲೋ ಆಗುತ್ತೆ’ ಅಂದರೆ ಏನೂ ಹೇಳಿದಂತಲ್ಲ. ಮೊದಲ ಕ್ಷಣದಿಂದಲೇ ನಿಧಾನವೇ? ಅರ್ಧ ನಿಮಿಷ ಚೆನ್ನಾಗಿದ್ದು ಒಂದು ಮೆಟ್ಟಿಲು ಇಳಿದು ಅಲ್ಲೇ ನಿಲ್ಲುತ್ತದೆಯೇ? ಐದಾರು ನಿಮಿಷ ಕಳೆದ ಮೇಲೆ ದಬಕ್ಕನೆ ಬಿದ್ದು, ಮತ್ತೆ ಏರಿ, ಮತ್ತೆ ಬೀಳುತ್ತದೆಯೇ? ಸದ್ದೂ ಸೇರಿ ಇಡೀ ಸಿಸ್ಟಮ್ ಒಂದೆರಡು ಸೆಕೆಂಡ್ ಹಿಡಿದುಕೊಳ್ಳುತ್ತದೆಯೇ? ಇವು ನಾಲ್ಕೂ ಬೇರೆ ಬೇರೆ ಕಾಯಿಲೆ. ನಿಧಾನವಾಗದೆ ತಾನಾಗಿಯೇ ರೀಸ್ಟಾರ್ಟ್ ಆಗುತ್ತಿದ್ದರೆ ಅದು ಐದನೆಯದು. ಅಲ್ಲಿ ಮೊದಲ ಅನುಮಾನ ಎಸ್‌ಎಂಪಿಎಸ್ (ಸಿಸ್ಟಮ್‌ಗೆ ಕರೆಂಟ್ ಕೊಡುವ ಪವರ್ ಸಪ್ಲೈ) ಮೇಲೆ.

ಬೇಕಾದ ಸಾಫ್ಟ್‌ವೇರ್ ಸಾಧನಗಳೆಲ್ಲ ಪುಕ್ಕಟೆ ಸಿಗುತ್ತವೆ: ಎಚ್‌ಡಬ್ಲ್ಯುಇನ್ಫೋ, ಸಿಪಿಯು-ಝಡ್, ಜಿಪಿಯು-ಝಡ್, ಸಿನೆಬೆಂಚ್. ಎಚ್‌ಡಬ್ಲ್ಯುಇನ್ಫೋದ ಸೆನ್ಸರ್ ಕಿಟಕಿಯಲ್ಲಿ ಲಾಗಿಂಗ್ ಒತ್ತಿ ಆಟ ಆಡಿ. ಆಮೇಲೆ ಫೈಲ್ ತೆರೆದರೆ ಎಫ್‌ಪಿಎಸ್ ಬಿದ್ದ ಕ್ಷಣದಲ್ಲಿ ಬೋರ್ಡಿನಲ್ಲಿ ಏನಾಗುತ್ತಿತ್ತು ಎಂಬುದು ಸಾಲು ಸಾಲಾಗಿ ಸಿಗುತ್ತದೆ. ಆಡುತ್ತಾ ಆಡುತ್ತಾ ಕಣ್ಣಲ್ಲಿ ನೋಡಿ ನೆನಪಿಡುತ್ತೇನೆ ಎನ್ನುವುದು ಆಗದ ಮಾತು.

ಶುರುವಿನಿಂದಲೇ ನಿಧಾನ: ರ‍್ಯಾಮ್, ಅದರ ಹಿಂದೆ ಅಡಗಿರುವ ಸೆಲ್

ಟಾಸ್ಕ್ ಮ್ಯಾನೇಜರ್‌ನ ಮೆಮೊರಿ ಪುಟದಲ್ಲಿ ಸ್ಪೀಡ್ ಎಷ್ಟು, ಎಷ್ಟು ಸ್ಲಾಟ್ ಬಳಕೆಯಲ್ಲಿದೆ ನೋಡಿ. 3200ರ ರ‍್ಯಾಮ್ ಕೊಂಡವರ ಸಿಸ್ಟಮ್ 2400ರಲ್ಲೋ 2666ರಲ್ಲೋ ಓಡುತ್ತಿರುವುದು ದಿನಾ ಕಾಣುವ ಸಂಗತಿ. ಪೆಟ್ಟಿಗೆ ಮೇಲೆ ಬರೆದ ವೇಗ ಬಯೋಸ್‌ನಲ್ಲಿ (ವಿಂಡೋಸ್‌ಗೂ ಮೊದಲು ತೆರೆಯುವ ಬೋರ್ಡಿನ ಸೆಟ್ಟಿಂಗ್ ಪುಟ) ಎಕ್ಸ್‌ಎಂಪಿ (ರ‍್ಯಾಮ್‌ಗೆ ಪೂರ್ಣ ವೇಗ ಕೊಡುವ ಆಯ್ಕೆ) ಆನ್ ಮಾಡಿದರೆ ಮಾತ್ರ ಬರುತ್ತದೆ. ಎಎಂಡಿ ಬೋರ್ಡ್‌ಗಳಲ್ಲಿ ಕೆಲವರು ಇದನ್ನೇ ಡಿಒಸಿಪಿ ಎನ್ನುತ್ತಾರೆ. ಸಿಪಿಯು-ಝಡ್‌ನಲ್ಲಿ 1600 ಎಂದು ಕಂಡರೆ ಗಾಬರಿ ಬೇಡ, ಅದು ಅರ್ಧ ಲೆಕ್ಕ ತೋರಿಸುತ್ತದೆ; 1600 ಅಂದರೆ 3200. ಎಚ್610 ಬೋರ್ಡಿಗೆ 3600ರ ರ‍್ಯಾಮ್ ಹಾಕಿ ‘3600 ಬರ್ತಿಲ್ಲ’ ಅನ್ನುವವರಿಗೊಂದು ಮಾತು: ಆ ಚಿಪ್‌ಸೆಟ್‌ನಲ್ಲಿ ಮೆಮೊರಿ ಓವರ್‌ಕ್ಲಾಕಿಂಗ್ (ನಿಗದಿತ ಮಿತಿ ಮೀರಿ ಓಡಿಸುವುದು) ಇಲ್ಲ. ಡಿಡಿಆರ್4 ಆದರೆ 3200ಕ್ಕೆ ನಿಲ್ಲುತ್ತದೆ. ಅದು ದೋಷವಲ್ಲ.

ವೇಗಕ್ಕಿಂತ ದೊಡ್ಡ ವ್ಯತ್ಯಾಸ ಬರುವುದು ಒಂಟಿ ರ‍್ಯಾಮ್‌ನಿಂದ. 3200ರ ಒಂದು ಸ್ಟಿಕ್ ಕೊಡುವ ದಾರಿ ಸೆಕೆಂಡಿಗೆ 25.6 ಜಿಬಿ, ಎರಡು ಚಾನೆಲ್‌ನಲ್ಲಿ ಎರಡು ಸ್ಟಿಕ್ ಹಾಕಿದರೆ 51.2. ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲದೆ ರೈಜನ್ 5 5600ಜಿ ಥರದ ಸಿಪಿಯುನಲ್ಲೇ ಆಡುವವರಿಗೆ ಇದು ಜೀವಾಳ. ನಾಲ್ಕು ಸ್ಲಾಟ್ ಇರುವ ಬೋರ್ಡಿನಲ್ಲಿ ಎರಡು ಸ್ಟಿಕ್ ಹಾಕುವಾಗ ಸಿಪಿಯು ಕಡೆಯಿಂದ ಎಣಿಸಿ 2 ಮತ್ತು 4ನೆಯ ಸ್ಲಾಟ್. ಪಕ್ಕಪಕ್ಕ ಹಾಕಿದರೆ ಎರಡೂ ಒಂದೇ ಚಾನೆಲ್‌ನಲ್ಲಿ ಕೂರುತ್ತವೆ, ಪ್ರಯೋಜನವಿಲ್ಲ.

ಎರಡು ಸ್ಟಿಕ್ ಹಾಕಿದ್ದರೂ ಒಂದೇ ಕಾಣುತ್ತಿದ್ದರೆ ಅದಲು ಬದಲು ಮಾಡಿ ನೋಡಬೇಕು. ಒಂದು ಸ್ಟಿಕ್ ಯಾವ ಸ್ಲಾಟ್‌ನಲ್ಲೂ ಏಳದಿದ್ದರೆ ಸ್ಟಿಕ್ ಹೋಗಿದೆ. ಎರಡೂ ಸ್ಟಿಕ್ ಒಂದು ಸ್ಲಾಟ್‌ನಲ್ಲಿ ಚೆನ್ನಾಗಿದ್ದು ಇನ್ನೊಂದರಲ್ಲಿ ಯಾವುದೂ ಏಳದಿದ್ದರೆ, ಸ್ಲಾಟ್ ಸತ್ತಿದೆ ಎಂದು ತೀರ್ಮಾನಿಸುವ ಮುನ್ನ ಸಿಪಿಯು ಕೂಲರ್ ತೆಗೆಯಿರಿ. ಕೂಲರಿನ ಒಂದು ಮೂಲೆ ಅತಿಯಾಗಿ ಬಿಗಿಯಾಗಿದ್ದರೂ, ಇಂಟೆಲ್ ಸಾಕೆಟ್‌ನ 1700 ಪಿನ್‌ಗಳಲ್ಲಿ ಒಂದು ಬಾಗಿದ್ದರೂ ಒಂದು ಮೆಮೊರಿ ಚಾನೆಲ್ ಹಾಗೇ ಮಾಯವಾಗುತ್ತದೆ. ಮೊಬೈಲ್ ಟಾರ್ಚನ್ನು ಓರೆಯಾಗಿ ಹಿಡಿದರೆ ಬಾಗಿದ ಪಿನ್ ಬೇರೆ ಥರ ಮಿನುಗಿ ಕಣ್ಣಿಗೆ ಬೀಳುತ್ತದೆ.

ಇನ್ನು ಈ ಭಾಗಕ್ಕೇ ಸೇರಿದ ಒಂದು ಕಾಯಿಲೆ. ‘ಕರೆಂಟ್ ಹೋಗಿ ಬಂದಾಗಿನಿಂದ ಗೇಮ್ ಸ್ಲೋ’ ಎಂಬ ದೂರು ಏಪ್ರಿಲ್‌ನ ಗುಡುಗು ಮಳೆಯಿಂದ ಶುರುವಾಗಿ ಮಳೆಗಾಲ ಮುಗಿಯುವ ತನಕ ಬರುತ್ತಲೇ ಇರುತ್ತದೆ. ಕೇಳಿದವರಿಗೆ ವೋಲ್ಟೇಜ್ ಹೊಡೆತಕ್ಕೆ ಬೋರ್ಡ್ ಪೆಟ್ಟು ತಿಂದಿದೆ ಅನ್ನಿಸುವುದು ಸಹಜ. ಬಹುತೇಕ ಸಲ ಆಗಿರುವುದು ಇಷ್ಟು: ಸಿಡಿಲಿಗೆ ಹೆದರಿ ಮನೆಯವರು ಪ್ಲಗ್ ಕಿತ್ತಿಟ್ಟಿರುತ್ತಾರೆ, ಇಲ್ಲವೇ ಮೇನ್ ಆಫ್ ಮಾಡಿರುತ್ತಾರೆ. ಗೋಡೆಯ ಕರೆಂಟ್ ಇರುವವರೆಗೆ ಸಿಸ್ಟಮ್ ಆಫ್ ಆಗಿದ್ದರೂ ಸಣ್ಣ ಪ್ರಮಾಣದ ವಿದ್ಯುತ್ ಬೋರ್ಡಿಗೆ ಸಿಗುತ್ತಿರುತ್ತದೆ. ಪ್ಲಗ್ ಕಿತ್ತರೆ ಗಡಿಯಾರ ಮತ್ತು ಬಯೋಸ್ ಸೆಟ್ಟಿಂಗ್ ಕಾಯುವುದು ಸಿಆರ್2032 ಸೆಲ್. ಅದು ಸತ್ತಿದ್ದರೆ ಎಲ್ಲ ಡೀಫಾಲ್ಟ್‌ಗೆ ಹೋಗುತ್ತದೆ, ಎಕ್ಸ್‌ಎಂಪಿಯೂ ಹೋಗುತ್ತದೆ. ಹಿಂದೆಲ್ಲ ತಾರೀಖು ತಪ್ಪಾಗಿದ್ದನ್ನು ನೋಡಿಯೇ ಸೆಲ್ ಹೋಗಿದೆ ಎಂದು ಗೊತ್ತಾಗುತ್ತಿತ್ತು. ಈಗ ವಿಂಡೋಸ್ ಇಂಟರ್ನೆಟ್ ಸಿಕ್ಕ ಕೂಡಲೇ ತಾರೀಖು ಸರಿಮಾಡಿಕೊಳ್ಳುವುದರಿಂದ ಆ ಸುಳಿವೂ ಅಳಿಸಿಹೋಗುತ್ತದೆ, ಉಳಿಯುವುದು ಲ್ಯಾಗ್ ಒಂದೇ. ವಿಂಡೋಸ್ 11ರಲ್ಲಿ ವ್ಯಾಲೊರಂಟ್ ಆಡುವವರಿಗೆ ಇನ್ನೊಂದು ಸುಳಿವಿದೆ: ಆ ಆಟಕ್ಕೆ ಟಿಪಿಎಂ 2.0 ಮತ್ತು ಸೆಕ್ಯೂರ್ ಬೂಟ್ (ಬಯೋಸ್‌ನಲ್ಲಿರುವ ಭದ್ರತಾ ಸೆಟ್ಟಿಂಗ್‌ಗಳು) ಆನ್ ಇರಬೇಕು. ನಿನ್ನೆ ಓಡುತ್ತಿದ್ದ ಆಟ ಪ್ಲಗ್ ಕಿತ್ತು ಹಾಕಿದ ಮೇಲೆ ವ್ಯಾನ್ 9001 ಅಥವಾ ವ್ಯಾನ್ 9003 ಎಂದು ತಕರಾರು ತೆಗೆದರೆ ನೇರ ಸೆಲ್ ನೋಡಿ.

ಮಲ್ಟಿಮೀಟರ್ ಇದ್ದರೆ ಸೆಲ್ ಬಿಚ್ಚಿ ಅಳೆಯಿರಿ. ಹೊಸದು 3 ವೋಲ್ಟ್‌ಗಿಂತ ಕೊಂಚ ಮೇಲಿರುತ್ತದೆ, 2.7ರ ಹತ್ತಿರ ಬಂದಿದ್ದರೆ ಬದಲಾಯಿಸಿ. ವಾಚ್ ರಿಪೇರಿ ಅಂಗಡಿಯಲ್ಲೂ ಸಿಗುವ ವಸ್ತು. ಬದಲಾಯಿಸಿ, ಎಕ್ಸ್‌ಎಂಪಿ ಆನ್ ಮಾಡಿ ಸೇವ್ ಮಾಡಿ, ಪ್ಲಗ್ ಕಿತ್ತು ಒಂದು ರಾತ್ರಿ ಬಿಡಿ. ಬೆಳಗ್ಗೆ ಸೆಟ್ಟಿಂಗ್ ಹಾಗೇ ಇದ್ದರೆ ಕೇಸು ಮುಗಿಯಿತು. ಸೆಲ್ ಹೊಸದಿದ್ದೂ ಎಕ್ಸ್‌ಎಂಪಿ ಹೋಗುತ್ತಿದ್ದರೆ, ಸಿಸ್ಟಮ್ ಆನ್ ಆಗುತ್ತಿರುವ ಹೊತ್ತಲ್ಲೇ ಕರೆಂಟ್ ಕೈಕೊಡುತ್ತಿದೆಯೇ ಗಮನಿಸಿ. ಹೊಸ ವೇಗ ತಾಳಲಿಲ್ಲವೆಂದು ತಪ್ಪು ತಿಳಿದು ಕೆಲವು ಬೋರ್ಡ್‌ಗಳು ತಾವಾಗಿಯೇ ಡೀಫಾಲ್ಟ್‌ಗೆ ಇಳಿಯುತ್ತವೆ.

ಆಮೇಲೆ ಬೀಳುವುದು: ಮಿತಿಯೋ, ಬಿಸಿಯೋ

ಇಲ್ಲಿ ಎರಡನ್ನು ಬೆರೆಸಿಕೊಂಡು ಎಡವುವವರೇ ಹೆಚ್ಚು.

ಇಂಟೆಲ್ 12ನೇ ತಲೆಮಾರಿನ ಕೋರ್ ಐ5-12400ಎಫ್‌ಗೆ ಮೂಲ ಮಿತಿ 65 ವ್ಯಾಟ್, ಸ್ವಲ್ಪ ಹೊತ್ತಿಗೆ ಮಾತ್ರ 117 ವ್ಯಾಟ್. ಇಂಟೆಲ್ ಹೇಳಿದಂತೆಯೇ ನಡೆಯುವ ಬೋರ್ಡ್ ಸುಮಾರು 28 ಸೆಕೆಂಡ್ ಆದ ಮೇಲೆ ಸಿಪಿಯುವನ್ನು 65ಕ್ಕೆ ಇಳಿಸುತ್ತದೆ. ಸಿಪಿಯುಗೆ ಪೂರ್ತಿ ಹೊರೆ ಹಾಕುವ ಸಿನೆಬೆಂಚ್ ಓಡಿಸಿದಾಗ ಅರ್ಧ ನಿಮಿಷಕ್ಕೆ ಒಂದು ಮೆಟ್ಟಿಲು ಇಳಿದು, ಪ್ಯಾಕೇಜ್ ಪವರ್ 65ರಲ್ಲಿ ಗೆರೆ ಎಳೆದಂತೆ ನಿಂತರೆ ಅದು ಪವರ್ ಮಿತಿ. ಎಚ್‌ಡಬ್ಲ್ಯುಇನ್ಫೋದಲ್ಲಿ ‘ಪಿಎಲ್1’ (ದೀರ್ಘ ಹೊತ್ತಿನ ಪವರ್ ಮಿತಿ) ಎಂಬ ಸಾಲಿನ ಮುಂದೆ ‘ಯೆಸ್’ ಕಾಣುತ್ತದೆ. ಬಯೋಸ್‌ನಲ್ಲಿ ಅವಕಾಶವಿದ್ದರೆ ಮಿತಿ ಏರಿಸಬಹುದು. ಆಟಗಳಲ್ಲಿ ಈ ಸಿಪಿಯು ಅಷ್ಟೊಂದು ವಿದ್ಯುತ್ ಎಳೆಯುವುದೇ ಅಪರೂಪ, ಹಾಗಾಗಿ ಏರಿಸಿ ದೊಡ್ಡ ಲಾಭವಿಲ್ಲ ಎಂಬುದು ನನ್ನ ಅಭಿಪ್ರಾಯ. ಎಎಂಡಿಯ ಎಎಂ4 ಸಿಪಿಯುಗಳಲ್ಲಿ ಇದೇ ಲೆಕ್ಕ ಪಿಪಿಟಿ ಹೆಸರಿನಲ್ಲಿದೆ: 65 ವ್ಯಾಟ್ ಎಂದು ಬರೆದಿದ್ದರೆ ಸಾಮಾನ್ಯವಾಗಿ 88 (5600ರಂಥ ಕೆಲವಕ್ಕೆ 76), 105 ಎಂದಿದ್ದರೆ 142.

ಬಿಸಿಯ ಕಥೆ ಬೇರೆ. ಸಿಪಿಯು ಸಾಕೆಟ್‌ನ ಎಡಕ್ಕೆ, ಮೇಲಕ್ಕೆ ಸಾಲಾಗಿ ಕೂತ ಚಚ್ಚೌಕ ಕರಿ ಚಿಪ್‌ಗಳು (ಮಾಸ್‌ಫೆಟ್), ಪಕ್ಕದ ಬೂದು ಡಬ್ಬಿಗಳು, ಗುಂಡನೆ ಕೆಪಾಸಿಟರ್‌ಗಳು ಸೇರಿದ್ದೇ ವಿಆರ್‌ಎಂ. ಎಸ್‌ಎಂಪಿಎಸ್ ಕೊಡುವ 12 ವೋಲ್ಟನ್ನು ಸಿಪಿಯುಗೆ ಬೇಕಾದ ಸುಮಾರು 1 ವೋಲ್ಟ್ ಆಸುಪಾಸಿಗೆ ಇಳಿಸುವುದು ಇವುಗಳ ಕೆಲಸ. 100 ವ್ಯಾಟ್ ಎಂದರೆ ನೂರರ ಹತ್ತಿರ ಆಂಪಿಯರ್ ಇವುಗಳ ಮೂಲಕ ಹರಿಯುತ್ತದೆ. ಅಗ್ಗದ ಬೋರ್ಡ್‌ಗಳಲ್ಲಿ ಮಾಸ್‌ಫೆಟ್‌ಗಳ ಸಂಖ್ಯೆ ಕಡಿಮೆ, ಮೇಲೆ ಹೀಟ್‌ಸಿಂಕ್ ಇರುವುದಿಲ್ಲ. ಮಿತಿ ಮೀರಿ ಕಾದಾಗ ಬೋರ್ಡ್ ಪ್ರೊಕ್‌ಹಾಟ್ ಎಂಬ ‘ನಿಧಾನಿಸು’ ಸಂಕೇತ ಕಳಿಸುತ್ತದೆ; ತನಗೆ ಬಿಸಿಯಿಲ್ಲದಿದ್ದರೂ ಸಿಪಿಯು ಗಿಗಾಹರ್ಟ್ಸ್‌ನಿಂದ ನೂರಾರು ಮೆಗಾಹರ್ಟ್ಸ್‌ಗೆ ಕುಸಿಯುತ್ತದೆ. ತಣ್ಣಗಾದ ಕೂಡಲೇ ಮತ್ತೆ ಏರುತ್ತದೆ. ಅದಕ್ಕೇ ಎಫ್‌ಪಿಎಸ್ ಗೆರೆ ಗರಗಸದ ಹಲ್ಲಿನಂತೆ ಕಾಣುವುದು.

ಹಾಸನದ ಸಾಲಗಾಮೆ ರಸ್ತೆ ಕಡೆಯ ಹುಡುಗನೊಬ್ಬ ಸಿಸ್ಟಮ್ ತಂದು, ‘ಅಣ್ಣಾ, ಕಾರ್ಡ್ ಹೋಗಿದೆ ಅನ್ಸುತ್ತೆ, ಸೆಕೆಂಡ್ ಹ್ಯಾಂಡ್ ಯಾವ್ದಾದ್ರೂ ಇದ್ರೆ ಹಾಕ್ಕೊಡಿ’ ಅಂದ. ಒಳಗಿದ್ದದ್ದು ಹೀಟ್‌ಸಿಂಕ್ ಇಲ್ಲದ ಎಚ್610 ಬೋರ್ಡ್. ಮೊದಲು ಐ5 ಇತ್ತಂತೆ, ತೆಗೆದು ಹಳೆಯ ಐ7-12700ಎಫ್ ಕೂರಿಸಿದ್ದ. ಅದು 180 ವ್ಯಾಟ್ ತನಕ ಎಳೆಯಬಲ್ಲದು. ಸಿಪಿಯು ದೊಡ್ಡದಾಯಿತೆಂದು ಜೊತೆಗೆ ಲಿಕ್ವಿಡ್ ಕೂಲರನ್ನೂ ಹಾಕಿದ್ದ. ಆಟದ ಜೊತೆಗೇ ರೆಕಾರ್ಡಿಂಗ್ ಬೇರೆ. ಲಾಗ್ ತೆಗೆದಾಗ ಮೊದಲ ಐದಾರು ನಿಮಿಷ ಎಲ್ಲ ಸೊಗಸು. ಆಮೇಲೆ ‘ಐಎ: ವಿಆರ್ ಥರ್ಮಲ್ ಅಲರ್ಟ್’ ಸಾಲಿನಲ್ಲಿ ‘ಯೆಸ್’, ಅದೇ ಕ್ಷಣಕ್ಕೆ ‘ಐಎ: ಪ್ರೊಕ್‌ಹಾಟ್’, ಅದೇ ಕ್ಷಣಕ್ಕೆ ಕೋರ್‌ಗಳೆಲ್ಲ 800 ಮೆಗಾಹರ್ಟ್ಸ್. ಸಿಪಿಯು ತಾಪಮಾನ ಮಾತ್ರ ಅರವತ್ತರ ಆಸುಪಾಸು. ‘ನೋಡಪ್ಪಾ, ನಿನ್ನ ಕಾರ್ಡಿಗೇನೂ ಆಗಿಲ್ಲ’ ಎಂದು ಕ್ಯಾಬಿನೆಟ್‌ನ ಪಕ್ಕದ ಬಾಗಿಲು ತೆಗೆದು ಅಂಗಡಿಯ ಟೇಬಲ್ ಫ್ಯಾನನ್ನು ಸಾಕೆಟ್ ಕಡೆ ತಿರುಗಿಸಿದೆ. ಅದೇ ಆಟ, ಅದೇ ರೆಕಾರ್ಡಿಂಗ್. ಗರಗಸ ಹೋಗಿ ಗೆರೆ ನೆಟ್ಟಗಾಯಿತು.

ಈ ಟೇಬಲ್ ಫ್ಯಾನ್ ಪರೀಕ್ಷೆಗಿಂತ ಒಳ್ಳೆಯ ಪರೀಕ್ಷೆ ನನಗೆ ಗೊತ್ತಿಲ್ಲ. ಗಾಳಿ ಬಿಟ್ಟಾಗ ಲ್ಯಾಗ್ ಹೋದರೆ ವಿಆರ್‌ಎಂ ಅಥವಾ ಕ್ಯಾಬಿನೆಟ್ ಗಾಳಿಯಾಟ, ಹೋಗದಿದ್ದರೆ ಬೇರೆ ಕಡೆ ಹುಡುಕಿ. ರೈಜನ್ ಸಿಸ್ಟಮ್‌ನಲ್ಲಿ ನೋಡಬೇಕಾದ ಸಾಲು ‘ಥರ್ಮಲ್ ಥ್ರಾಟ್ಲಿಂಗ್ (ಪ್ರೊಕ್‌ಹಾಟ್ ಇಎಕ್ಸ್‌ಟಿ)’. ಅಲ್ಲಿ ‘ಯೆಸ್’ ಬಂದರೆ ಆಜ್ಞೆ ಬಂದದ್ದು ಸಿಪಿಯು ಹೊರಗಿನಿಂದ. ಅನೇಕ ಅಗ್ಗದ ಬೋರ್ಡ್‌ಗಳಲ್ಲಿ ವಿಆರ್‌ಎಂ ತಾಪಮಾನ ತೋರಿಸುವ ಸೆನ್ಸರ್ರೇ ಇರುವುದಿಲ್ಲ. ಇನ್‌ಫ್ರಾರೆಡ್ ಥರ್ಮಾಮೀಟರ್‌ನಿಂದ ಕರಿ ಚಿಪ್‌ಗಳ ಮೇಲೆ ಅಳೆಯಬಹುದು, ಹೊಳೆಯುವ ಲೋಹದ ಮೇಲೆ ಅದು ಸುಳ್ಳು ಹೇಳುತ್ತದೆ. ಕೋವಿಡ್ ಕಾಲದಲ್ಲಿ ಹಣೆಗೆ ಹಿಡಿಯಲು ತಂದ ಗನ್ ಮನೆಯಲ್ಲಿದೆ ಎಂದು ಅದನ್ನು ತರಬೇಡಿ. ಅದು ಜ್ವರದ ಮಟ್ಟದ ಆಚೆಗೆ ಅಳೆಯುವುದಿಲ್ಲ. ಬೆರಳಿಟ್ಟು ನೋಡುವುದಂತೂ ಬೇಡವೇ ಬೇಡ.

ಪರಿಹಾರದಲ್ಲಿ ವಿಚಿತ್ರವೆಂದರೆ ಆ ಹುಡುಗನ ಲಿಕ್ವಿಡ್ ಕೂಲರೇ ಅರ್ಧ ಅಪರಾಧಿ. ಸಿಪಿಯು ಜೊತೆ ಪುಕ್ಕಟೆ ಬರುವ ದುಂಡನೆ ಕೂಲರ್ ಗಾಳಿಯನ್ನು ಕೆಳಕ್ಕೆ ಊದುತ್ತದೆ, ಆ ಗಾಳಿ ಸುತ್ತಲಿನ ಮಾಸ್‌ಫೆಟ್‌ಗಳನ್ನೂ ಸವರಿ ಹೋಗುತ್ತದೆ. ಲಿಕ್ವಿಡ್ ಕೂಲರ್ ಹಾಕಿದರೆ ಸಾಕೆಟ್ ಸುತ್ತ ಗಾಳಿಯೇ ಇಲ್ಲ. ಕ್ಯಾಬಿನೆಟ್ ಹಿಂಭಾಗಕ್ಕೊಂದು, ಸಾಧ್ಯವಿದ್ದರೆ ಮೇಲ್ಭಾಗಕ್ಕೊಂದು ಫ್ಯಾನ್ ಹಾಕಿ. ಬಯೋಸ್‌ನಲ್ಲಿ ಪಿಎಲ್1, ಪಿಎಲ್2 (ಸ್ವಲ್ಪ ಹೊತ್ತಿನ ಮಿತಿ) ಎರಡನ್ನೂ 90 ವ್ಯಾಟ್ ಆಸುಪಾಸಿಗೆ ಕಟ್ಟಿಹಾಕಿ. ಆಟದಲ್ಲಿ ಕಳೆದುಕೊಳ್ಳುವುದು ಅತ್ಯಲ್ಪ, ಕುಸಿತ ಮಾತ್ರ ನಿಲ್ಲುತ್ತದೆ. ಅಂಟಿಸುವ ಸಣ್ಣ ಅಲ್ಯೂಮಿನಿಯಂ ಹೀಟ್‌ಸಿಂಕ್ ಸಿಗುತ್ತವೆ, ಕೆಲಸವೂ ಮಾಡುತ್ತವೆ. ಆದರೆ ಬೋರ್ಡ್ ನೆಟ್ಟಗೆ ನಿಂತಿರುವ ಕ್ಯಾಬಿನೆಟ್‌ನಲ್ಲಿ ಅಂಟು ಬಿಸಿಗೆ ಸಡಿಲವಾಗಿ ಅದು ಕಾರ್ಡಿನ ಬೆನ್ನ ಮೇಲೆ ಬಿದ್ದರೆ ಶಾರ್ಟ್ ಆಗುತ್ತದೆ. ಅಗ್ಗದ ಅಂಟುಪಟ್ಟಿಯನ್ನು ನಂಬಬೇಡಿ.

ರೈಜನ್ 5 5600 ಅಥವಾ 12400ಎಫ್ ಇದ್ದು ಬರೀ ಆಟ ಆಡುವವರಿಗೆ ಈ ಬಿಸಿಯ ತೊಂದರೆ ಬರುವುದು ಕಡಿಮೆ. ಬಂದರೂ ಬೇಸಿಗೆಯಲ್ಲಿ ಬರುತ್ತದೆ. ನಮ್ಮ ಎರಡೂ ಊರು ಸಮುದ್ರ ಮಟ್ಟದಿಂದ ಸಾವಿರ ಮೀಟರ್ ಆಸುಪಾಸಿನ ಎತ್ತರದಲ್ಲಿವೆ, ಡಿಸೆಂಬರ್ ರಾತ್ರಿಯಲ್ಲಿ ಎಂಥ ಬೋರ್ಡೂ ಪಾಸಾಗುತ್ತದೆ. ಕೋಣೆಯ ಬಿಸಿ ಹತ್ತು ಡಿಗ್ರಿ ಏರಿದರೆ ಮಾಸ್‌ಫೆಟ್ ಬಿಸಿಯೂ ಹೆಚ್ಚುಕಡಿಮೆ ಅಷ್ಟೇ ಏರುತ್ತದೆ. ಚಳಿಗಾಲದಲ್ಲಿ ಕಟ್ಟಿಸಿದ ಸಿಸ್ಟಮ್ ಮಾರ್ಚ್ ಕೊನೆಗೆ ‘ಕೆಟ್ಟಿತು’ ಎಂದರೆ ಕೆಟ್ಟಿದ್ದು ಏನೂ ಇರಲಿಕ್ಕಿಲ್ಲ.

ಸದ್ದೂ ಸೇರಿ ಹಿಡಿದುಕೊಳ್ಳುವುದು

ಎಎಂ4 ಬೋರ್ಡ್‌ನಲ್ಲಿ ಆಟ, ಹಾಡು, ಮೌಸ್ ಎಲ್ಲ ಒಟ್ಟಿಗೆ ಒಂದೆರಡು ಸೆಕೆಂಡ್ ತೊದಲಿ ಮತ್ತೆ ಸರಿಹೋಗುತ್ತಿದ್ದರೆ, ಬಯೋಸ್ ಆವೃತ್ತಿಯ ತಾರೀಖು ನೋಡಿ. ಎಫ್‌ಟಿಪಿಎಂ (ಎಎಂಡಿ ಸಿಪಿಯು ಒಳಗಿನ ಟಿಪಿಎಂ) ಆನ್ ಇದ್ದಾಗ ಬೋರ್ಡಿನ ಫ್ಲ್ಯಾಶ್ ಚಿಪ್ ಜೊತೆಗಿನ ವ್ಯವಹಾರದಿಂದ ಹೀಗಾಗುತ್ತದೆ ಎಂದು ಎಎಂಡಿಯೇ 2022ರ ಮಾರ್ಚ್‌ನಲ್ಲಿ ಒಪ್ಪಿಕೊಂಡಿತು, ಎಜಿಸಾ (ಬಯೋಸ್ ಒಳಗಿನ ಎಎಂಡಿ ಕೋಡ್) 1.2.0.7 ಇರುವ ಬಯೋಸ್‌ನಲ್ಲಿ ಪರಿಹಾರ ಬಂತು. ಹಳೆಯ ಸ್ಟಾಕ್ ಅಥವಾ ಸೆಕೆಂಡ್ ಹ್ಯಾಂಡ್ ಬೋರ್ಡ್‌ಗಳಲ್ಲಿ ಈಗಲೂ ಹಳೆಯ ಬಯೋಸ್ ಇರುತ್ತದೆ. ಅಪ್‌ಡೇಟ್ ಮಾಡಿ, ಆದರೆ ಯುಪಿಎಸ್ ಇಲ್ಲದೆ ಮಳೆಗಾಲದಲ್ಲಿ ಆ ಸಾಹಸಕ್ಕೆ ಇಳಿಯಬೇಡಿ. ಬರೆಯುವ ನಡುವೆ ಕರೆಂಟ್ ಹೋದರೆ ಬೋರ್ಡ್ ಏಳುವುದಿಲ್ಲ. ಆಮೇಲೆ ಚಿಪ್ ಪ್ರೋಗ್ರಾಮರ್ ಯಂತ್ರ ಇಟ್ಟುಕೊಂಡಿರುವ ರಿಪೇರಿಯವರಲ್ಲಿ ಬಯೋಸ್ ಇರುವ ಎಂಟು ಕಾಲಿನ ಫ್ಲ್ಯಾಶ್ ಚಿಪ್‌ಗೆ ಮತ್ತೆ ಬರೆಸಬೇಕು. ಇಂಟೆಲ್‌ನಲ್ಲಿ ಇದೇ ಲಕ್ಷಣ ಕಂಡರೆ ಲೇಟೆನ್ಸಿಮಾನ್ (ಯಾವ ಡ್ರೈವರ್ ತಡಮಾಡುತ್ತಿದೆ ಎಂದು ತೋರಿಸುವ ಸಾಧನ) ಓಡಿಸಿ. ಹೆಚ್ಚಾಗಿ ಲ್ಯಾನ್ ಅಥವಾ ಆಡಿಯೊ ಡ್ರೈವರ್ ಸಿಕ್ಕಿಬೀಳುತ್ತದೆ.

ಕಾರ್ಡಿನ ದಾರಿ

ಜಿಪಿಯು-ಝಡ್‌ನ ‘ಬಸ್ ಇಂಟರ್‌ಫೇಸ್’ ಸುಮ್ಮನಿದ್ದಾಗ ಪಿಸಿಐಇ (ಕಾರ್ಡ್ ಕೂರುವ ಸ್ಲಾಟ್‌ನ ದಾರಿ) 1.1 ಎಂದು ತೋರಿಸಿದರೆ ಹೆದರಬೇಡಿ, ವಿದ್ಯುತ್ ಉಳಿಸಲು ಇಳಿದಿರುತ್ತದೆ. ಪಕ್ಕದ ಪ್ರಶ್ನಾರ್ಥಕ ಗುರುತು ಒತ್ತಿ ರೆಂಡರ್ ಪರೀಕ್ಷೆ ಓಡಿಸಿ ಆಗ ಓದಿ. ಆರ್‌ಎಕ್ಸ್ 6600, ಆರ್‌ಟಿಎಕ್ಸ್ 4060 ಹುಟ್ಟಿನಿಂದಲೇ 8 ಲೇನ್ (ಆ ದಾರಿಯಲ್ಲಿನ ಸಾಲುಗಳು). 8 ಕಂಡರೆ ಅದು ಸರಿಯೇ. ಆರ್‌ಎಕ್ಸ್ 6500 ಎಕ್ಸ್‌ಟಿ ಬರೀ 4 ಲೇನ್. ಪಿಸಿಐಇ 4.0 ಇರುವ ಬೋರ್ಡಿನಲ್ಲಿ ಪರವಾಗಿಲ್ಲ. ಎ520, ಬಿ450ರಂಥ 3.0 ಬೋರ್ಡಿನಲ್ಲಿ ದಾರಿ ಅರ್ಧವಾಗಿ ಸೆಕೆಂಡಿಗೆ 4 ಜಿಬಿಗೂ ಕೊಂಚ ಕಡಿಮೆ. ಇದರ 4 ಜಿಬಿ ಮೆಮೊರಿ ತುಂಬಿದ ಕೂಡಲೇ ಮುಗ್ಗರಿಸುತ್ತದೆ. ಬಿ550 ಬೋರ್ಡಿದ್ದರೂ ಸಿಪಿಯು 5600ಜಿ ಅಥವಾ 5500 ಆದರೆ 3.0 ಮಾತ್ರ. ಇದಕ್ಕೆ ರಿಪೇರಿಯಿಲ್ಲ, ಟೆಕ್ಸ್ಚರ್ ಇಳಿಸುವುದೊಂದೇ ದಾರಿ.

16 ಅಥವಾ 8 ಇರಬೇಕಾದದ್ದು 4, 1 ಎಂದು ತೋರಿಸಿದರೆ ಕಾರ್ಡ್ ಕೆಳಗಿನ ಸ್ಲಾಟ್‌ನಲ್ಲಿದೆಯೇ ನೋಡಿ. ಉದ್ದ ಒಂದೇ ಇದ್ದರೂ ಅದಕ್ಕೆ ಲೇನ್ ಕಡಿಮೆ. ದೂಳು ಹೊಡೆದು ವಾಪಸ್ ಹಾಕುವಾಗ ಅದಲುಬದಲಾಗುತ್ತದೆ. ಮೇಲಿನ ಸ್ಲಾಟ್‌ನಲ್ಲೇ ಇದ್ದರೆ ಚಿನ್ನದ ಕಾಂಟ್ಯಾಕ್ಟ್ ನೋಡಿ. ಆಲ್ದೂರು, ಮೂಡಿಗೆರೆ ಕಡೆ ತೋಟದ ಮನೆಗಳಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಪುಸ್ತಕಕ್ಕೆ ಬೂಷ್ಟು ಹಿಡಿಯುವಷ್ಟು ತೇವ. ರ‍್ಯಾಮ್, ಕಾರ್ಡ್ ಕಾಂಟ್ಯಾಕ್ಟ್‌ಗಳ ಮೇಲೂ ಪೊರೆ ಕೂರುತ್ತದೆ. 99 ಶೇಕಡಾ ಐಸೊಪ್ರೊಪೈಲ್ ಆಲ್ಕೋಹಾಲ್, ನೂಲು ಬಿಡದ ಬಟ್ಟೆ ಸಾಕು. ಪೆನ್ಸಿಲ್ ರಬ್ಬರ್‌ನಿಂದ ಉಜ್ಜುವುದು ನಮ್ಮಲ್ಲಿ ರೂಢಿ, ಕೆಲಸ ನಡೆಯುತ್ತದೆ. ಪದೇ ಪದೇ ಮಾಡಿದರೆ ಚಿನ್ನದ ಲೇಪ ಸವೆಯುತ್ತದೆ. ಕೈಗೆ ಹಚ್ಚುವ ಸ್ಯಾನಿಟೈಸರ್ ಬೇಡ, ಅದರಲ್ಲಿ ನೀರು, ಗ್ಲಿಸರಿನ್ ಇರುತ್ತದೆ. ಮಳೆಗಾಲವಿಡೀ ಮುಚ್ಚಿಟ್ಟ ಸಿಸ್ಟಮ್ಮನ್ನು ತೆಗೆದ ದಿನವೇ ಆನ್ ಮಾಡದೆ, ಬಾಗಿಲು ತೆಗೆದು ಒಣಗಲು ಬಿಡಿ.

ತಾನಾಗಿ ರೀಸ್ಟಾರ್ಟ್ ಆಗುವವರು ಎಸ್‌ಎಂಪಿಎಸ್ ಮೇಲಿನ ಇನ್‌ಪುಟ್ ಅಂಕಿ ಓದಿ. 100ರಿಂದ 240 ಎಂದಿದ್ದರೆ ಸರಿ. 200ರಿಂದ 240 ಎಂದಿದ್ದು, ಸಂಜೆ ಪಂಪ್‌ಸೆಟ್ ಓಡುವಾಗ ನಿಮ್ಮಲ್ಲಿ ವೋಲ್ಟೇಜ್ 180ಕ್ಕೆ ಇಳಿಯುತ್ತಿದ್ದರೆ ಬೋರ್ಡಿನ ಮೇಲೆ ಹೊರೆ ಹಾಕಬೇಡಿ.

ಬದಲಾಯಿಸಲೇಬೇಕಾದಾಗ

ಸ್ಲಾಟ್ ನಿಜಕ್ಕೂ ಸತ್ತಿದೆ, ಗಾಳಿ ಬಿಟ್ಟರೂ ಮಿತಿ ಕಟ್ಟಿದರೂ ವಿಆರ್‌ಎಂ ತಾಳುತ್ತಿಲ್ಲ, ಕೆಪಾಸಿಟರ್ ಉಬ್ಬಿದೆ: ಈ ಮೂರರಲ್ಲಿ ಒಂದಿದ್ದರೆ ಬೋರ್ಡ್ ಬದಲಾಯಿಸಿ. ಮುನ್ನ ಬಿಲ್ ಹುಡುಕಿ, ಬೋರ್ಡ್‌ಗಳಿಗೆ ಸಾಮಾನ್ಯವಾಗಿ 3 ವರ್ಷ ವಾರಂಟಿ ಇರುತ್ತದೆ. ಇಂಟೆಲ್ ಬೋರ್ಡ್ ಆದರೆ ಕೊಡುವ ಮೊದಲು ಸಾಕೆಟ್ ಪಿನ್‌ಗಳ ಸ್ಪಷ್ಟ ಫೋಟೊವನ್ನು, ಸೀರಿಯಲ್ ನಂಬರ್ ಚೀಟಿ ಕಾಣುವಂತೆ, ಅಂಗಡಿಯವರ ಎದುರೇ ತೆಗೆದುಕೊಳ್ಳಿ. ಪಿನ್ ಬಾಗಿದೆ ಎಂದರೆ ವಾರಂಟಿ ಸಿಗದು, ದಾರಿಯಲ್ಲಿ ಬಾಗಿತೋ ನಿಮ್ಮ ಮನೆಯಲ್ಲೋ ಎಂದು ತೋರಿಸಲು ಆ ಫೋಟೊ ಬಿಟ್ಟರೆ ಬೇರೇನೂ ಇರುವುದಿಲ್ಲ. ಸಾಕೆಟ್ ಮೇಲೆ ಮುಚ್ಚುವ ಪ್ಲಾಸ್ಟಿಕ್ ಮುಚ್ಚಳ ಬಿಸಾಕಿದ್ದರೆ ಅಂಗಡಿಯಲ್ಲಿ ಹಳೆಯದೊಂದು ಕೇಳಿ ಪಡೆದು ಹಾಕಿಯೇ ಕಳಿಸಿ.